ಸೆಂಟೋ, ಶೆರೆಯೋ? ಬಂಕಾಪುರದಿಂದ ಒಂದು ಪರಿಮಳದ ಇತಿಹಾಸ

ಭಾಗ 1/10

ಫೋಟೋದಾಗಿನ ಬಾಟ್ಲಿ ನೋಡಿ ಮೋಸ ಹೋಗಬ್ಯಾಡ್ರಿ. ಇದು ಕುಡಿಯೋದಲ್ಲ, ಹಚ್ಚಿಕೊಳ್ಳೋದು. ದಪ್ಪ ಗಾಜು, ಒಳಗೆ ಬೆಲ್ಲದ ಪಾಕದ ಬಣ್ಣ, ಮೇಲೆ ಭಾರದ ಮುಚ್ಚಳ. ಬಾರ್‌ನ ಕಪಾಟಿನಲ್ಲಿ ಇಟ್ಟರೂ ಯಾರಿಗೂ ಅನುಮಾನ ಬರಲಿಕ್ಕಿಲ್ಲ.

ಹೋದ ದೀಪಾವಳಿಗೆ ಇದನ್ನು ಹಾಕಿಕೊಂಡೇ ಊರಿಗೆ ಬಂದೆ. ಬೆಂಗಳೂರಿನಿಂದ ರಾತ್ರಿ ಬಸ್ಸು. ಬೆಳಗಿನ ಜಾವ ಹೈವೇ ಮೇಲೆ ಇಳಿದು, ಚಹಾದ ಅಂಗಡಿಯಲ್ಲಿ ಮುಖ ತೊಳೆದು, ಕುತ್ತಿಗೆಗೆ ಎರಡು ಸಲ ಹೊಡೆದುಕೊಂಡು ಬಂಕಾಪುರದ ಮನೆ ಕಡೆ ನಡೆದೆ. ಹಬ್ಬದ ದಿನ ಮೈಯಿಂದ ಬಸ್ಸಿನ ವಾಸನೆ ಬರಬಾರದು ಅನ್ನೋದಷ್ಟೇ ಮನಸ್ಸಿನಲ್ಲಿತ್ತು.

ಚಿಗವ್ವ ಅಂಗಳ ಗುಡಿಸುತ್ತಿದ್ದಳು. ಕಾಲಿಗೆ ಬೀಳಲು ಬಗ್ಗಿದೆ. ತಲೆ ಮೇಲೆ ಕೈ ಇಡಬೇಕಾದವಳು ಒಂದು ಹೆಜ್ಜೆ ಹಿಂದೆ ಸರಿದಳು.

"ತಮ್ಮಾ, ಕುಡದ ಬಂದೀ ಏನ?"

ನಗಬೇಕೋ ಬೇಜಾರು ಮಾಡ್ಕೋಬೇಕೋ ತಿಳಿಯಲಿಲ್ಲ. "ಇಲ್ಲ ಚಿಗವ್ವಾ, ಸೆಂಟ್ ಇದು" ಅಂದೆ. ನಂಬಿದಳು. ಆದರೂ ನಾನು ಜಳಕ ಮಾಡಿ ಅಂಗಿ ಬದಲಿಸುವ ತನಕ ಹತ್ತಿರ ಬರಲಿಲ್ಲ.

ಕಾಕಾ ಹೋಗಿ ಒಂಬತ್ತು ವರ್ಷ ಆಯ್ತು. ಏನಾಗಿ ಹೋದ ಅಂತ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ರಾತ್ರಿ ಹನ್ನೊಂದಕ್ಕೆ ಚಿಲಕದ ಸಪ್ಪಳ ಆಗುತ್ತಿತ್ತು. ಮನುಷ್ಯ ಒಳಗೆ ಬರುವ ಮೊದಲು ವಾಸನೆ ಒಳಗೆ ಬರುತ್ತಿತ್ತು. ಇಪ್ಪತ್ತು ವರ್ಷ ಆ ವಾಸನೆಗೆ ಬಾಗಿಲು ತೆಗೆದವಳು ಚಿಗವ್ವ.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಪರಿಮಳಕ್ಕೂ ಮದ್ಯಕ್ಕೂ ನಡುವಿನ ಗೆರೆ ಎಲ್ಲಿದೆ? ಅದನ್ನು ಎಳೆದವರು ಯಾರು? ಹುಡುಕುತ್ತಾ ಹೋದರೆ ನಮ್ಮ ಬಂಕಾಪುರದ ಸುತ್ತಮುತ್ತಲೇ ಸಾವಿರ ವರ್ಷದ ಉತ್ತರಗಳು ಸಿಕ್ಕವು. ಒಂದೊಂದು ಕಾಲದವರು ಒಂದೊಂದು ಕಡೆ ಗೆರೆ ಎಳೆದಿದ್ದಾರೆ. ಹತ್ತು ಭಾಗದಲ್ಲಿ ಹೇಳ್ತೀನಿ. ಚಹಾ ಹಿಡ್ಕೊಂಡು ಕುಂದರ್ರಿ.

ಭಾಗ 2/10

ಮೊದಲು ಈ ಸೆಂಟ್ ಯಾವ ಬಳಗದ್ದು ಅಂತ ನೋಡೋಣ.

ಸೆಂಟಿನ ಹುಚ್ಚಿರುವವರು ಇದಕ್ಕೆ "ಬೂಜಿ ಗೂರ್ಮಾಂಡ್" ಅಂತಾರೆ. ಗೂರ್ಮಾಂಡ್ ಅಂದ್ರೆ ಮೂಸಿದರೆ ತಿನ್ನಬೇಕು ಅನ್ನಿಸುವ ವಾಸನೆ: ವೆನಿಲ್ಲಾ, ಕಂದಿಸಿದ ಸಕ್ಕರೆ, ಖರ್ಜೂರ, ದಾಲ್ಚಿನ್ನಿ, ಬಾದಾಮಿ ಚಿಕ್ಕಿ. ಬೂಜಿ ಅಂದ್ರೆ ಅದರ ಮೇಲೆ ರಮ್, ಬ್ರಾಂದಿ, ವಿಸ್ಕಿಯ ಒಂದು ನೆರಳು. ಇದರಲ್ಲಿ ಹೆಚ್ಚಿನವು ಯೂನಿಸೆಕ್ಸ್, ಅಂದರೆ ಅಣ್ಣ-ತಂಗಿ ಇಬ್ಬರೂ ಒಂದೇ ಬಾಟ್ಲಿ ಹಂಚಿಕೊಳ್ಳಬಹುದು.

ಈಗಿನ ಗೂರ್ಮಾಂಡ್ ಕಥೆ ಶುರುವಾಗೋದು 1992ರಲ್ಲಿ, ತಿಯೆರಿ ಮ್ಯೂಗ್ಲೆ ಹೆಸರಿನಲ್ಲಿ ಬಂದ "ಏಂಜೆಲ್"ನಿಂದ. ಅದರಲ್ಲಿ ಈಥೈಲ್ ಮಾಲ್ಟಾಲ್ ಅನ್ನುವ ವಸ್ತುವನ್ನು ಕೈ ಬಿಚ್ಚಿ ಹಾಕಿದ್ದರು. ಜಾತ್ರೆಯಲ್ಲಿ ಬಾಂಬೆ ಮಿಠಾಯಿ ತಿರುಗಿಸುವವನ ಪಕ್ಕ ನಿಂತರೆ ಬರುತ್ತದಲ್ಲ, ಆ ವಾಸನೆ. ಜೊತೆಗೆ ನಮ್ಮ ಪಚ್ಚೆತೆನೆಯ ಬಳಗದ ಪಚೌಲಿ.

2020ರಲ್ಲಿ ಕಿಲಿಯನ್ ಕಂಪನಿಯ "ಏಂಜೆಲ್ಸ್ ಶೇರ್" ಬಂತು. ಕಂಪನಿಯ ಹಿಂದಿರುವ ಕಿಲಿಯನ್ ಹೆನೆಸ್ಸಿ ಫ್ರಾನ್ಸ್‌ನ ಕೊನ್ಯಾಕ್ ಬ್ರಾಂದಿ ಮನೆತನದವರು. ಹೆಸರಿನ ಅರ್ಥ "ದೇವತೆಗಳ ಪಾಲು". ಬ್ರಾಂದಿಯನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟಾಗ ಸ್ವಲ್ಪ ಆವಿಯಾಗಿ ಹೋಗುತ್ತದೆ. ಹೋದದ್ದು ದೇವತೆಗಳು ಕುಡಿದ ಪಾಲು ಅಂತ ಅಲ್ಲಿನವರ ಲೆಕ್ಕ. ಕೊನ್ಯಾಕ್ ಊರಿನ ತಂಪಿನಲ್ಲಿ ವರ್ಷಕ್ಕೆ ಶೇಕಡಾ 2ರಷ್ಟು ಹೋದರೆ, ಬೆಂಗಳೂರಿನ ಸೆಕೆಯಲ್ಲಿ ಅಮೃತ್ ಡಿಸ್ಟಿಲರಿಯ ಪೀಪಾಯಿಗಳಿಂದ ಶೇಕಡಾ 10ಕ್ಕೂ ಮೇಲೆ ಹೋಗುತ್ತದೆ. ಅವರು ತಮ್ಮ ಒಂದು ವಿಸ್ಕಿಗೆ "ಗ್ರೀಡಿ ಏಂಜೆಲ್ಸ್" ಅಂತಲೇ ಹೆಸರಿಟ್ಟರು. ನಮ್ಮ ಕಡೆ ದೇವತೆಗಳಿಗೆ ಬಾಯಾರಿಕೆ ಜಾಸ್ತಿ.

2022ರಲ್ಲಿ ಯುಎಇಯ ಲತಾಫಾ ಕಂಪನಿ "ಖಮ್ರಾ" ತಂತು. ಮೇಲೆ ದಾಲ್ಚಿನ್ನಿ, ಜಾಯಿಕಾಯಿ, ನಡುವೆ ಖರ್ಜೂರ, ಸುಗಂಧರಾಜ, ತಳದಲ್ಲಿ ವೆನಿಲ್ಲಾ. ಏಂಜೆಲ್ಸ್ ಶೇರ್‌ನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತದೆ, ಹಾಗಾಗಿ ನಮ್ಮ ಕಾಲೇಜು ಹುಡುಗರ ರೂಮುಗಳ ತನಕ ಬಂತು. ಅರಬ್ಬಿಯಲ್ಲಿ "ಖಮ್ರ್" ಅಂದರೆ ಮದ್ಯ. ಕುಡಿಯೋದು ಹರಾಮ್ ಅನ್ನುವ ಭಾಷೆಯಲ್ಲೇ ಈ ಹೆಸರು ಇಟ್ಟರು. ಅಲ್ಲೂ ಯಾರೋ ಒಂದು ಗೆರೆ ಎಳೆದಿದ್ದಾರೆ ಅಂತ ಆಯ್ತಲ್ಲ?

ಭಾಗ 3/10

ಹಾಗಾದರೆ ಚಿಗವ್ವನ ಮೂಗು ಮೋಸ ಹೋಯಿತಾ? ಇಲ್ಲ. ಅದನ್ನು ತಿಳಿಯೋಕೆ ಸ್ವಲ್ಪ ರಸಾಯನಶಾಸ್ತ್ರ ಬೇಕು.

ಸ್ಪ್ರೇ ಮಾಡುವ ಬಹುತೇಕ ಎಲ್ಲ ಸೆಂಟ್‌ಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಮಲ್ಲಿಗೆ ಸೆಂಟ್ ಇರಲಿ, ನಿಂಬೆ ಸೆಂಟ್ ಇರಲಿ. ಅದರ ಕೆಲಸ ಪರಿಮಳವನ್ನು ಹೊತ್ತು ತರೋದು. ಮೈಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಾರಿ ಹೋಗುತ್ತದೆ. ಬರೀ ಆಲ್ಕೋಹಾಲ್‌ನ ವಾಸನೆ ನಿಮಗೆ ಗೊತ್ತು: ಸೂಜಿ ಚುಚ್ಚುವ ಮೊದಲು ನರ್ಸ್ ಹತ್ತಿಯಿಂದ ಒರೆಸುವ ಸ್ಪಿರಿಟ್. ಅದನ್ನು ಮೂಸಿ ಯಾರಿಗೂ ರಮ್ ನೆನಪಾಗೋದಿಲ್ಲ.

ರಮ್ಮು, ಬ್ರಾಂದಿ ಅಂತ ಮೂಗು ಗುರುತಿಸೋದು ಬೇರೆಯದನ್ನು. ಹಣ್ಣು ಕಳಿತು ಹುದುಗುವಾಗ ಎಸ್ಟರ್ ಅನ್ನುವ ವಸ್ತುಗಳು ಹುಟ್ಟುತ್ತವೆ. ಕಳಿತ ಬಾಳೆಹಣ್ಣು, ಹಲಸಿನ ತೊಳೆಯಲ್ಲಿ ಬರುವ ವಾಸನೆ ಅವುಗಳದ್ದೇ. ಓಕ್ ಪೀಪಾಯಿಯ ಸುಟ್ಟ ಕಟ್ಟಿಗೆಯಿಂದ ವೆನಿಲಿನ್ ಇಳಿಯುತ್ತದೆ, ಕೊಬ್ಬರಿಯ ಹಾಗೆ ವಾಸನೆ ಬರುವ ಲ್ಯಾಕ್ಟೋನ್ ಇಳಿಯುತ್ತದೆ. ದ್ರಾಕ್ಷಿ ಮದ್ಯದ ತಳದಲ್ಲಿ ಉಳಿದ ಗಷ್ಟನ್ನು ಬಟ್ಟಿ ಇಳಿಸಿ "ಕೊನ್ಯಾಕ್ ಎಣ್ಣೆ" ತೆಗೀತಾರೆ. ಸೆಂಟ್ ಮಾಡುವವನು ಇವನ್ನೆಲ್ಲ ಅಳೆದು ತೂಗಿ ಸೇರಿಸಿ, ಇಲ್ಲದ ಒಂದು ಗ್ಲಾಸನ್ನು ನಿಮ್ಮ ಮೂಗಿನ ಮುಂದೆ ಹಿಡೀತಾನೆ.

ಅಂದರೆ ಕೇಕಿನಲ್ಲಿರೋದು, ಹಲಸಿನ ಹಣ್ಣಿನಲ್ಲಿರೋದು, ವಿಸ್ಕಿಯಲ್ಲಿರೋದು ಹೆಚ್ಚು ಕಡಿಮೆ ಒಂದೇ ಸಂಸಾರದವು. ಮೂಗು ಬರೀ ಅಣುಗಳನ್ನು ಹಿಡಿಯುತ್ತದೆ. ಇದು ಹಬ್ಬವೋ, ರಾತ್ರಿ ಹನ್ನೊಂದರ ಚಿಲಕವೋ ಅಂತ ತೀರ್ಮಾನ ಮಾಡೋದು ನೆನಪು. ನನ್ನ ಮೂಗಿಗೆ ಕೇಕ್ ಮೊದಲು ಬಂತು. ಚಿಗವ್ವನಿಗೆ ಕಾಕಾ ಮೊದಲು ಬಂದ.

ಇನ್ನೊಂದು ಮಾತು. ವೆನಿಲಿನ್ ಅನ್ನು 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಪ್ರಯೋಗಶಾಲೆಯಲ್ಲಿ ಮಾಡಿದರು. 1889ರಲ್ಲಿ ಪ್ಯಾರಿಸ್ಸಿನ ಗೆರ್ಲೇನ್ ಅದನ್ನು "ಜಿಕಿ" ಸೆಂಟಿನಲ್ಲಿ ಬಳಸಿದರು. ಆ ಜಿಕಿಯನ್ನು ಗಂಡಸರೂ ಹಾಕಿದರು, ಹೆಂಗಸರೂ ಹಾಕಿದರು. ಯೂನಿಸೆಕ್ಸ್ ಅನ್ನೋದು ನಿನ್ನೆ ಮೊನ್ನೆಯ ಫ್ಯಾಷನ್ ಅಂತ ತಿಳ್ಕೊಂಡಿದ್ದರೆ ಅದನ್ನು ಇಲ್ಲೇ ಬಿಡ್ರಿ. ನಮ್ಮಲ್ಲಿ ಅದು ಇನ್ನೂ ಹಳೇದು. ಈಗ ಕೋಟೆ ಒಳಗೆ ಹೋಗೋಣ.

ಭಾಗ 4/10

ಫೋಟೋ: ಬಂಕಾಪುರ ಕೋಟೆ, ಬೆಳಿಗ್ಗೆ ಏಳು ಗಂಟೆ. ಇವತ್ತು ಇಲ್ಲಿ ನವಿಲುಧಾಮ ಇದೆ. ಫೋಟೋದಲ್ಲಿ ನವಿಲು ಕಾಣ್ತಿಲ್ಲ, ಕೂಗು ಮಾತ್ರ ಜೋರು.

ಊರಿನ ಹೆಸರು ಬಂಕೇಯನಿಂದ ಬಂದದ್ದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ, ಬನವಾಸಿ ಹನ್ನೆರಡು ಸಾಸಿರದ ಅಧಿಪತಿ. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರ ಸುಮಾರಿಗೆ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇದೇ ಊರಿನಲ್ಲಿ ಪೂಜೆ ಆಯಿತು. ಅಜಿತಸೇನಾಚಾರ್ಯರು ಇಲ್ಲಿದ್ದರು. ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಬಂದು, 974ರ ಸುಮಾರಿಗೆ ಅವರ ಸನ್ನಿಧಿಯಲ್ಲಿ ಸಲ್ಲೇಖನ ಮಾಡಿ ಪ್ರಾಣ ಬಿಟ್ಟ ಜಾಗ ಇದೇ. ಅಂಥ ಊರು ಇದು, ದೊಡ್ಡ ಜೈನ ವಿದ್ಯಾಕೇಂದ್ರ.

ಜೈನ ಗೃಹಸ್ಥರಿಗೆ ಮದ್ಯ ಪೂರ್ತಿ ನಿಷಿದ್ಧ. ಮದ್ಯ, ಮಾಂಸ, ಜೇನು ಮೂರನ್ನೂ ಬಿಡಬೇಕು. ಇದು ಎಲ್ಲರಿಗೂ ಗೊತ್ತಿರೋದು. ನನಗೆ ಹೊಸದಾಗಿ ಕಂಡದ್ದು ಸುಗಂಧದ ವಿಷಯ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಅನ್ನುವ ಗ್ರಂಥ ಕನ್ನಡ ನಾಡಿನ ಜೈನರು ಶತಮಾನಗಳಿಂದ ಓದಿದ್ದು. ಅದರಲ್ಲಿ ಮೈಗೆ ಹಚ್ಚುವ ಲೇಪನ, ಹೂವು, ತಾಂಬೂಲ, ಬಟ್ಟೆ, ಒಡವೆ ಎಲ್ಲ ಒಂದು ಪಟ್ಟಿಯಲ್ಲಿ ಬರುತ್ತವೆ. ಇವನ್ನು ಜನ್ಮಪೂರ್ತಿ ಬಿಡಬೇಕು ಅಂತಿಲ್ಲ. ಇವತ್ತೊಂದು ದಿನ ಬೇಡ, ಈ ರಾತ್ರಿ ಬೇಡ, ಒಂದು ಪಕ್ಷ ಬೇಡ, ಒಂದು ತಿಂಗಳು ಬೇಡ ಅಂತ ಕಾಲ ಹಾಕಿಕೊಂಡು ನಿಯಮ ಹಿಡಿಯಬಹುದು.

ಎಷ್ಟು ಬಿಡಿಬಿಡಿಯಾಗಿ ಯೋಚನೆ ಮಾಡಿದ್ದಾರೆ ನೋಡ್ರಿ. ಮದ್ಯಕ್ಕೆ "ಎಂದೂ ಬೇಡ". ಪರಿಮಳಕ್ಕೆ "ಇಂಥ ಹೊತ್ತಿಗೆ ಬೇಡ". ಒಂದಕ್ಕೆ ನಿಷೇಧ, ಇನ್ನೊಂದಕ್ಕೆ ಅಳತೆ. ಸಾವಿರ ವರ್ಷದ ಹಿಂದೆ ಈ ಕೋಟೆಯ ಸುತ್ತ ನಡೆದಾಡಿದ ಗೃಹಸ್ಥರು ಇಟ್ಟುಕೊಂಡಿದ್ದ ಗೆರೆ ಇದು. ಕೊನೆಯ ಭಾಗದಲ್ಲಿ ಈ "ಇಂಥ ಹೊತ್ತಿಗೆ" ಅನ್ನೋದು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ರಿ.

ಭಾಗ 5/10

ಫೋಟೋ: ಕೋಟೆಯೊಳಗಿನ ನಗರೇಶ್ವರ ಗುಡಿ. ಜನ ಕರೆಯೋದು ಅರವತ್ತು ಕಂಬದ ಗುಡಿ. ಕಲ್ಲು ಕಂಬದಲ್ಲಿ ನಿಮ್ಮ ಮುಖ ಕಾಣುವಷ್ಟು ನುಣುಪು. ಕಲ್ಯಾಣದ ಚಾಳುಕ್ಯರ ಕಾಲದ ಕೆಲಸ.

ಅದೇ ಚಾಳುಕ್ಯರ ದೊರೆ ಜಯಸಿಂಹನ ಆಶ್ರಯದಲ್ಲಿ, 1025ರ ಸುಮಾರಿಗೆ, ಎರಡನೇ ಚಾವುಂಡರಾಯ "ಲೋಕೋಪಕಾರ" ಬರೆದ. (ಶ್ರವಣಬೆಳಗೊಳದ ಚಾವುಂಡರಾಯ ಬೇರೆ, ಇವನು ಬೇರೆ.) ಕನ್ನಡದಲ್ಲಿದೆ. ಸಾಮಾನ್ಯ ಸಂಸಾರಸ್ಥನಿಗೆ ಬೇಕಾದ್ದೆಲ್ಲ ಒಂದೇ ಪುಸ್ತಕದಲ್ಲಿ: ಮನೆ ಎಲ್ಲಿ ಕಟ್ಟಬೇಕು, ನೀರು ಎಲ್ಲಿ ಸಿಗುತ್ತದೆ, ಗಿಡಕ್ಕೆ ರೋಗ ಬಂದರೆ ಏನು, ದನಕ್ಕೆ ಬಂದರೆ ಏನು. ಅದರಲ್ಲೇ ಸುಗಂಧ ಮಾಡುವ ಅಧ್ಯಾಯ ಇದೆ, ಅಡುಗೆಯ ಅಧ್ಯಾಯವೂ ಇದೆ. ಗೂರ್ಮಾಂಡ್ ಅನ್ನುವ ಪದ ಹುಟ್ಟುವ ಮೊದಲೇ ಒಗ್ಗರಣೆ ಮತ್ತು ಸೆಂಟ್ ಒಂದೇ ಹೊತ್ತಿಗೆಯೊಳಗೆ ಅಕ್ಕಪಕ್ಕ ಕೂತಿದ್ದವು. ಅದೂ ನಮ್ಮ ಭಾಷೆಯಲ್ಲಿ.

ನೂರು ವರ್ಷ ಬಿಟ್ಟು, 1130ರ ಸುಮಾರಿಗೆ, ಚಾಳುಕ್ಯ ದೊರೆ ಮೂರನೇ ಸೋಮೇಶ್ವರನ "ಮಾನಸೋಲ್ಲಾಸ" ಬಂತು, ಸಂಸ್ಕೃತದಲ್ಲಿ. ಇಡ್ಲಿ ದೋಸೆಯ ಹಳೆಯ ರೂಪ ಇದರಲ್ಲಿದೆ ಅಂತ ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ. ಅದೇ ಗ್ರಂಥದಲ್ಲಿ ರಾಜನಿಗೆ ಇಪ್ಪತ್ತು ಭೋಗಗಳನ್ನು ಎಣಿಸಿದ್ದಾರೆ. ತಾಂಬೂಲ ಒಂದು ಭೋಗ, ಮೈಗೆ ಹಚ್ಚುವ ವಿಲೇಪನ ಒಂದು, ಹೂಮಾಲೆ ಒಂದು, ಅನ್ನ ಒಂದು, ಪಾನೀಯ ಒಂದು, ಧೂಪ ಒಂದು. ವಿಲೇಪನವನ್ನು ಋತು ನೋಡಿ ಬದಲಿಸಬೇಕು ಅನ್ನೋದೂ ಇದೆ.

ಮದಿರೆ ಎಲ್ಲಿದೆ? ಈ ಇಪ್ಪತ್ತರಲ್ಲಿ ಇಲ್ಲ. ಅದು ಗ್ರಂಥದ ಕೊನೆಯ ಭಾಗದಲ್ಲಿ, ಕ್ರೀಡೆಗಳ ಸಾಲಿನಲ್ಲಿ ಬರುತ್ತದೆ. ನೀರಾಟ, ಉಯ್ಯಾಲೆ, ಚದುರಂಗದ ಹಾಗೆ ಮದಿರಾಪಾನವೂ ಒಂದು ಆಟ. ಕುಡಿಯೋದನ್ನು ಮುಚ್ಚಿಟ್ಟಿಲ್ಲ, ದಿನನಿತ್ಯದ ಭೋಗಕ್ಕೂ ಸೇರಿಸಿಲ್ಲ. ಆಟ ಅಂದ ಮೇಲೆ ಅದಕ್ಕೊಂದು ಹೊತ್ತು, ಅದಕ್ಕೊಂದು ಮುಗಿಯುವಿಕೆ ಇರುತ್ತದೆ. ನಮ್ಮ ಕಾಕಾನ ಆಟಕ್ಕೆ ಅದು ಇರಲಿಲ್ಲ.

ಭಾಗ 6/10

ಹಳೆಯ ಕಾಲದವರು ಗೆರೆ ಎಳೆದರು ಅಂತ ಹೇಳಿದೆ. ಆದರೆ ಗೆರೆಯ ಎರಡೂ ಕಡೆ ಪರಿಮಳ ಒಂದೇ ಇತ್ತು. ಅದೇ ಮಜಾ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ಬಗೆಗಳನ್ನು ಹೇಳುವಾಗ ಸಹಕಾರಸುರೆ ಅನ್ನುವುದು ಬರುತ್ತದೆ, ಘಮಘಮಿಸುವ ಮಾವಿನದು. ಮದ್ಯಕ್ಕೆ ಪರಿಮಳ ಸೇರಿಸುತ್ತಿದ್ದರು. ಈಗ ಉಲ್ಟಾ ಆಗಿದೆ, ಪರಿಮಳಕ್ಕೆ ಮದ್ಯದ ನೆರಳು ಸೇರಿಸ್ತಾರೆ. ಜೇಮ್ಸ್ ಮೆಕ್‌ಹ್ಯೂ ಅನ್ನುವ ವಿದ್ವಾಂಸರು 2012ರಲ್ಲಿ ಭಾರತದ ಸುಗಂಧಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು, 2021ರಲ್ಲಿ ಭಾರತದ ಮದ್ಯದ ಇತಿಹಾಸದ ಬಗ್ಗೆ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಹೋಗಲು ಅವರಿಗೆ ದೂರ ಆಗಿರಲಿಕ್ಕಿಲ್ಲ.

ಕವಿಗಳಿಗೂ ಇದು ಗೊತ್ತಿತ್ತು. ಬಕುಳದ ಗಿಡ ಹೂ ಬಿಡಬೇಕಾದರೆ ಚೆಲುವೆಯೊಬ್ಬಳು ಬಾಯಿ ತುಂಬ ಮದಿರೆ ತುಂಬಿಕೊಂಡು ಅದರ ಮೇಲೆ ಉಗುಳಬೇಕು ಅನ್ನೋದು ಹಳೆಯ ಕವಿಸಮಯ. ಸಂಸ್ಕೃತ ಕವಿಗಳೂ ಬರೆದರು, ಕನ್ನಡ ಕವಿಗಳೂ ಬರೆದರು. ಒಣಗಿದ ಬಕುಳದ ಹೂವನ್ನು ಯಾವಾಗಾದರೂ ಅಂಗೈಯಲ್ಲಿ ಹಿಡಿದು ಮೂಸಿ ನೋಡ್ರಿ. ಜೇನು, ಕಟ್ಟಿಗೆ, ಸ್ವಲ್ಪ ಹುದುಗಿದ ಸಿಹಿ. ಈ ಕಲ್ಪನೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಅಂತ ಆಗ ಅನ್ನಿಸುತ್ತದೆ.

ತಿನ್ನುವ ಸೆಂಟ್ ಬೇಕಾದರೆ ದೂರ ಹೋಗಬೇಕಿಲ್ಲ, ತಾಂಬೂಲ ಇದೆ. ಕರ್ಪೂರ, ಲವಂಗ, ಜಾಯಿಕಾಯಿ, ಜಾಪತ್ರೆ. ಉಳ್ಳವರ ಮನೆಯಲ್ಲಿ ಕಸ್ತೂರಿ. ಊಟ ಮುಗಿದ ಮೇಲೆ ಬಾಯಿಗೆ ಹಾಕಿಕೊಳ್ಳುವ ಪರಿಮಳ. ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಎಲೆ ಅಂತ ಯಾರೂ ಮಾಡಲಿಲ್ಲ. ಮೇಲಿನ ಸಾಮಾನನ್ನು ಇವತ್ತಿನ ಬೂಜಿ ಸೆಂಟಿನ ಪಟ್ಟಿಯ ಪಕ್ಕ ಇಟ್ಟು ನೋಡಿ: ಜಾಯಿಕಾಯಿ ಅಲ್ಲೂ ಇದೆ, ಇಲ್ಲೂ ಇದೆ. ನಮ್ಮ ಪಕ್ಕದ ಸವಣೂರಿನ ಎಲೆ ಇವತ್ತಿಗೂ ಹೆಸರುವಾಸಿ. ಮುಂದಿನ ಭಾಗದಲ್ಲಿ ಎಲೆ-ಅಡಿಕೆ ಚೀಲ ಹಿಡಿದವನೊಬ್ಬ ಬಂಕಾಪುರದ ಕೋಟೆ ಕಾಯ್ತಾನೆ.

ಭಾಗ 7/10

ದೊರೆಗೆ ತಾಂಬೂಲ ಕೊಡುವವನಿಗೆ ಕನ್ನಡದಲ್ಲಿ ಹಡಪದವ ಅಂತಾರೆ. ಬಸವಣ್ಣನವರ ಹಡಪದ ಅಪ್ಪಣ್ಣ ನೆನಪಾದರಾ? ಅದು ನಂಬಿಗಸ್ತನ ಕೆಲಸ. ದೊರೆಯ ಬಾಯಿಗೆ ಹೋಗುವ ವಸ್ತು ಅವನ ಕೈಯಲ್ಲಿರುತ್ತದೆ.

1565ರ ಯುದ್ಧದಲ್ಲಿ ಅಳಿಯ ರಾಮರಾಯ ಬಿದ್ದ ಮೇಲೆ ಇಲ್ಲಿನ ಕೋಟೆಗಳು ಒಂದೊಂದಾಗಿ ಬಿಜಾಪುರದ ಕೈಗೆ ಹೋದವು. 1570ರ ದಶಕದಲ್ಲಿ ಅಲಿ ಆದಿಲ್‌ಶಾಹಿ ಬಂಕಾಪುರಕ್ಕೆ ಬಂದಾಗ ಇಲ್ಲಿ ಎದುರು ನಿಂತವನ ಹೆಸರನ್ನು ಇತಿಹಾಸಕಾರ ಫೆರಿಷ್ತಾ ವೇಲಪ್ಪ ಅಂತ ಬರೀತಾನೆ. ಮೊದಲು ಅವನು ರಾಮರಾಯನ ಹತ್ತಿರ ಎಲೆ-ಅಡಿಕೆ ಸೇವೆಯಲ್ಲಿದ್ದವನಂತೆ. ಒಂದು ವರ್ಷಕ್ಕೂ ಮೇಲೆ ಮುತ್ತಿಗೆ ನಡೆದು ಕೊನೆಗೆ ಕೋಟೆ ಬಿತ್ತು.

ಕೋಟೆಯ ಜೊತೆಗೆ ಇನ್ನೊಂದು ಸುಗಂಧದ ಲೋಕವೂ ಇತ್ತ ಬಂತು. ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿ (ಆಳ್ವಿಕೆ 1580ರಿಂದ 1627) ಕಾಲದಲ್ಲಿ "ಇತ್ರ್-ಎ-ನೌರಸ್ ಶಾಹಿ" ಅನ್ನುವ ಪರ್ಷಿಯನ್ ಗ್ರಂಥ ಅವನ ಹೆಸರಿನಲ್ಲೇ ಬಂತು. ಪೂರ್ತಿ ಸುಗಂಧದ್ದೇ ವಿಷಯ. ಅದಕ್ಕೂ ಮೊದಲು, 1500ರ ಆಸುಪಾಸಿನಲ್ಲಿ, ಮಾಳವದ ಮಾಂಡುವಿನಲ್ಲಿ "ನಿಮತ್‌ನಾಮಾ" ಅನ್ನುವ ಸಚಿತ್ರ ಅಡುಗೆ ಪುಸ್ತಕ ಆಗಿತ್ತು. ಅದರಲ್ಲಿ ಸಮೋಸದ ಪಕ್ಕದಲ್ಲಿ ಶರಬತ್ತು, ಅದರ ಪಕ್ಕ ತಾಂಬೂಲ, ಅದರ ಪಕ್ಕ ಸೆಂಟ್. ಲೋಕೋಪಕಾರದಲ್ಲಿ ಕಂಡದ್ದೇ ಮತ್ತೊಂದು ಆಸ್ಥಾನದಲ್ಲಿ ಮತ್ತೊಂದು ಭಾಷೆಯಲ್ಲಿ ಕಾಣ್ತದೆ. ಅಡುಗೆಮನೆ ಮತ್ತು ಸೆಂಟಿನ ಪೆಟ್ಟಿಗೆ ದೂರ ಇರಲಿಲ್ಲ.

ಮೊಘಲರು ಬಂದ ಮೇಲೆ ಬಂಕಾಪುರ ಅಬ್ದುಲ್ ರವೂಫ್ ಖಾನ್ ಕೈಗೆ ಬಂತು. ಆ ಮನೆತನ ಸವಣೂರಿಗೆ ಹೋಗಿ ನೆಲೆಸಿ ನವಾಬರಾದರು, ಅವರ ಸಂಸ್ಥಾನ 1948ರ ತನಕ ಇತ್ತು. ನಮ್ಮ ಕಡೆ ಲಗ್ನದಾಗ ಅತ್ತರ ಹಚ್ಚಿ, ಗುಲಾಬಿ ನೀರು ಚಿಮುಕಿಸಿ, ಎಲೆ-ಅಡಿಕೆ ಕೊಡೋದು ಹಿಂದೂ ಮುಸ್ಲಿಂ ಎರಡೂ ಮನೆಯಲ್ಲಿದೆ. ಅತ್ತರನ್ನು ಹೂವಿನಿಂದ ಬಟ್ಟಿ ಇಳಿಸಿ ಶ್ರೀಗಂಧದ ಎಣ್ಣೆಯಲ್ಲಿ ಹಿಡೀತಾರೆ, ಆಲ್ಕೋಹಾಲ್ ಇರೋದಿಲ್ಲ. ಬಟ್ಟಿಯ ಅದೇ ತತ್ವ, ಅದೇ ಉಗಿ, ಅದೇ ತಂಪು ನೀರು. ಆದರೆ ಕೊನೆಗೆ ಬಂದದ್ದು ಶೆರೆ ಅಲ್ಲ. ಗೆರೆ ಇಲ್ಲಿ ಬಟ್ಟಿಯ ಪಾತ್ರೆಯ ಒಳಗೇ ಇತ್ತು.

ಭಾಗ 8/10

ಈ ಭಾಗ ನನಗೇ ಆಶ್ಚರ್ಯ ತಂದದ್ದು. ಸೆಂಟೋ ಶೆರೆಯೋ ಅನ್ನುವ ಚಿಗವ್ವನ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು.

1709ರಲ್ಲಿ ಜರ್ಮನಿಯ ಕೊಲೋನ್ ಊರಿನಲ್ಲಿ ಫರೀನಾ ಮನೆತನ ಶುರು ಮಾಡಿದ "ಕೊಲೋನ್ ನೀರು" ಬ್ರಿಟಿಷರ ಜೊತೆ ನಮ್ಮಲ್ಲಿಗೂ ಬಂತು. ಆಲ್ಕೋಹಾಲ್‌ನಲ್ಲಿ ನಿಂಬೆ, ಕಿತ್ತಳೆಯ ಎಣ್ಣೆ ಕರಗಿಸಿದ್ದು. ಜ್ವರ ಬಂದರೆ ಹಣೆಗೆ ಅದರ ಪಟ್ಟಿ ಹಾಕುತ್ತಿದ್ದರು ಅಂತ ಹಿರಿಯರು ಹೇಳೋದು ನೀವೂ ಕೇಳಿರಬಹುದು.

ಆಗ ನಾವು ಯಾವ ರಾಜ್ಯದಲ್ಲಿದ್ದೆವು? ಧಾರವಾಡ ಜಿಲ್ಲೆ, ಅದರೊಳಗೆ ಬಂಕಾಪುರ ತಾಲೂಕು (ಕಚೇರಿ ಮಾತ್ರ ಶಿಗ್ಗಾಂವಿಯಲ್ಲಿ), ಮುಂಬೈ ಪ್ರಾಂತ್ಯ. 1956ರ ನವೆಂಬರ್ 1ರ ತನಕ ನಮ್ಮ ಮೇಲೆ ಮುಂಬೈ ಕಾನೂನು. ಅಲ್ಲಿ 1949ರಲ್ಲಿ ಮುಂಬೈ ಪಾನನಿಷೇಧ ಕಾಯ್ದೆ ಬಂತು. ಅದು "ಮದ್ಯ" ಅನ್ನುವ ಪದಕ್ಕೆ ಕೊಟ್ಟ ಅರ್ಥ ಬಹಳ ಅಗಲ: ಆಲ್ಕೋಹಾಲ್ ಇರುವ ಎಲ್ಲ ದ್ರವ. ಅಂದರೆ ವಿಸ್ಕಿಯೂ ಮದ್ಯ, ಟಾನಿಕ್ಕೂ ಮದ್ಯ, ಕೊಲೋನ್ ನೀರೂ ಮದ್ಯ!

ಎಫ್. ಎನ್. ಬಲ್ಸಾರಾ ಅನ್ನುವವರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. ವಿಸ್ಕಿ, ಬ್ರಾಂದಿ, ಬಿಯರ್ ಜೊತೆಗೆ ಕೊಲೋನ್ ನೀರು, ಲ್ಯಾವೆಂಡರ್ ನೀರು ಇಟ್ಟುಕೊಳ್ಳಲು ನನಗೆ ಹಕ್ಕಿದೆ ಅಂತ ಕೇಳಿದರು. 1951ರ ಮೇ 25ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕುಡಿಯುವ ಮದ್ಯವನ್ನು ನಿಷೇಧಿಸಲು ರಾಜ್ಯಕ್ಕೆ ಅಧಿಕಾರ ಇದೆ, ಅದು ಸರಿ. ಆದರೆ ಆಲ್ಕೋಹಾಲ್ ಇರುವ ಔಷಧ, ಸೆಂಟ್‌ನಂಥ ಪ್ರಸಾಧನಗಳನ್ನು ಇಟ್ಟುಕೊಳ್ಳಬಾರದು, ಮಾರಬಾರದು, ಬಳಸಬಾರದು ಅನ್ನೋದು ವಿಪರೀತ, ಅಷ್ಟು ಭಾಗ ಅಸಿಂಧು.

ಅಂದರೆ ವಿಸ್ಕಿ ಒಂದು ಕಡೆ, ಸೆಂಟು ಇನ್ನೊಂದು ಕಡೆ. ಒಳಗಿನ ವಸ್ತು ಒಂದೇ ಆದರೂ ಅದನ್ನು ಯಾಕೆ ಬಳಸ್ತೀರಿ ಅನ್ನೋದು ಮುಖ್ಯ. ಆಮೇಲೆ 1955ರಲ್ಲಿ ಇಂಥ ಔಷಧ, ಪ್ರಸಾಧನಗಳ ಮೇಲೆ ಅಬಕಾರಿ ಸುಂಕ ಹಾಕಲು ಕೇಂದ್ರವೇ ಬೇರೆ ಕಾಯ್ದೆ ತಂತು.

ಇದನ್ನು ಓದಿ ಖುಷಿಯಿಂದ ಚಿಗವ್ವನಿಗೆ ಹೇಳಿದೆ. "ಕೋರ್ಟ್ ಬಿಟ್ಟೈತಿ ಚಿಗವ್ವಾ." ಅವಳು ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಕೋರ್ಟಿನವ್ರು ನಮ್ಮ ಮನ್ಯಾಗ ಮಲಗಿದ್ರೇನ?" ಅಂದಳು.

ಭಾಗ 9/10

ಫೋಟೋ: ಸಂತೆಯಲ್ಲಿ ಹೂವಿನ ಬುಟ್ಟಿ. ಸೇವಂತಿಗೆ ನಡುವೆ ಬೂದಿ-ಹಸಿರು ಎಲೆಯ ಕಡ್ಡಿಗಳು ಕಾಣ್ತಾವಲ್ಲ, ಅದೇ ದವನ.

ಕನ್ನಡದ ಮನೆಗೆ ದವನದ ಪರಿಚಯ ಹೇಳಬೇಕಿಲ್ಲ. ದಂಡೆಯಲ್ಲಿ ಮಲ್ಲಿಗೆ, ಅಬ್ಬಲಿಗೆ ಜೊತೆ ಕಟ್ಟುತ್ತಾರೆ. ಶಿವನಿಗೆ ಏರಿಸ್ತಾರೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು. ಅವತ್ತು ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜನವೋ ಜನ. ಅಕ್ಟೋಬರ್-ನವೆಂಬರ್‌ನಲ್ಲಿ ಬೀಜ ಹಾಕಿದರೆ ನಾಲ್ಕು ತಿಂಗಳಿಗೆ, ಶಿವರಾತ್ರಿಯ ಆಸುಪಾಸಿಗೆ, ಕೊಯ್ಲು.

ಇದರ ಇನ್ನೊಂದು ಸಂಸಾರ ನಮಗೆ ಅಷ್ಟು ಗೊತ್ತಿಲ್ಲ. ಕೊಯ್ದ ದವನವನ್ನು ನೆರಳಿನಲ್ಲಿ ಬಾಡಿಸಿ, ಉಗಿಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೀತಾರೆ. ಒಂದು ಹೆಕ್ಟೇರ್ ಹೊಲದಿಂದ ಸಿಗೋದು ಸುಮಾರು 10ರಿಂದ 15 ಕೆ.ಜಿ. ಅಷ್ಟೇ. ಕರ್ನಾಟಕ, ಆಂಧ್ರ, ತಮಿಳುನಾಡು, ಜಗತ್ತಿನ ದವನದೆಣ್ಣೆಯ ತವರು ಇದೇ ಪಟ್ಟಿ. ಬೆಂಗಳೂರಿನ ಸಿಮ್ಯಾಪ್ ಸಂಶೋಧನಾ ಕೇಂದ್ರ ಇಂಥ ಸುಗಂಧ ಬೆಳೆಗಳ ಮೇಲೆ ಕೆಲಸ ಮಾಡುತ್ತದೆ. ಎಣ್ಣೆಯ ಮುಖ್ಯ ವಸ್ತುವಿನ ರಚನೆಯನ್ನು 1968ರಲ್ಲಿ ಯುರೋಪಿನ ವಿಜ್ಞಾನಿಗಳು ಬಿಡಿಸಿದರು. ಅದರ ಹೆಸರು ದವನೋನ್. ನಮ್ಮ ಹೂವಿನ ಬುಟ್ಟಿಯ ಪದ ರಸಾಯನಶಾಸ್ತ್ರದ ಪುಸ್ತಕದಲ್ಲಿ ಕೂತಿದೆ.

ಈ ಎಣ್ಣೆಯ ವಾಸನೆ ಹೇಗಿರುತ್ತದೆ? ಒಣದ್ರಾಕ್ಷಿ, ಜರ್ದಾಳು, ಹಣ್ಣಿನ ಮುರಬ್ಬ, ಅದರ ಹಿಂದೆ ಬ್ರಾಂದಿ. ಹೊರದೇಶದಲ್ಲಿ ಇದನ್ನು ಕೇಕಿಗೆ, ತಂಬಾಕಿಗೆ, ದುಬಾರಿ ಪಾನೀಯಕ್ಕೆ ಸ್ವಾದ ಕೊಡಲು ಬಳಸ್ತಾರೆ. ಸೆಂಟ್ ಮಾಡುವವರು "ಬೂಜಿ" ನೆರಳು ಬೇಕಾದಾಗ ಕೈ ಹಾಕುವ ಸಾಮಾನುಗಳಲ್ಲಿ ಇದೂ ಒಂದು. ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಅರಳುತ್ತದೆ ಅಂತ ಅದಕ್ಕೆ ಹೆಸರು.

ನಾನು ಹೆಸರಿಸಿದ ಸೆಂಟ್‌ಗಳಲ್ಲೆಲ್ಲ ದವನ ಇದೆ ಅಂತ ಹೇಳ್ತಿಲ್ಲ. ಹೇಳೋದು ಇಷ್ಟು: ಎಲ್ಲಮ್ಮನ ಗುಡ್ಡದಲ್ಲಿ ಭಕ್ತಿ ಅನ್ನಿಸುವ ವಾಸನೆ ಪ್ಯಾರಿಸ್ಸಿನಲ್ಲಿ ಬ್ರಾಂದಿ ಅನ್ನಿಸುತ್ತದೆ. ಗಿಡ ಒಂದೇ. ದಂಡೆ ಕಟ್ಟುವ ಹೆಣ್ಣುಮಗಳು ಅದನ್ನು ಮೂಸಿ "ಛೀ, ಶೆರೆ" ಅಂದದ್ದನ್ನು ನಾನಂತೂ ಕೇಳಿಲ್ಲ.

ಭಾಗ 10/10

ಕೊನೆಯ ಭಾಗ. ಹಾಕಿಕೊಳ್ಳುವ ರೀತಿ ಹೇಳಿ, ಮನೆಗೆ ವಾಪಸ್ ಬರ್ತೀನಿ.

ಸಿಹಿ ಸೆಂಟ್ ಬಿಸಿಲಿಗೆ ಉಬ್ಬುತ್ತದೆ. ಏಪ್ರಿಲ್ ಮಧ್ಯಾಹ್ನದ ಹುಬ್ಬಳ್ಳಿ ಬಸ್ಸಿನಲ್ಲಿ ನಾಲ್ಕು ಸಲ ಹೊಡೆದುಕೊಂಡು ಹತ್ತಬೇಡಿ, ಪಕ್ಕದವರಿಗೆ ತಲೆ ಸುತ್ತುತ್ತದೆ. ಇದು ಡಿಸೆಂಬರ್-ಜನವರಿಯ ಸಂಜೆಯ ಸೆಂಟ್. ಋತು ನೋಡಿ ವಿಲೇಪನ ಅಂತ ಮಾನಸೋಲ್ಲಾಸದಲ್ಲಿ ಸುಮ್ಮನೆ ಹೇಳಿಲ್ಲ. ಒಂದು ಎದೆಗೆ, ಒಂದು ಅಂಗಿಯ ಒಳಮಗ್ಗಲಿಗೆ, ಸಾಕು. ಹತ್ತು ನಿಮಿಷ ಬಿಟ್ಟು ಮೂಸಿ, ಆಲ್ಕೋಹಾಲ್ ಹಾರಿದ ಮೇಲೆ ಸಿಗೋದೇ ನಿಜವಾದ ವಾಸನೆ. ಮೊದಲು ದಾಲ್ಚಿನ್ನಿ, ಆಮೇಲೆ ಖರ್ಜೂರ, ರಾತ್ರಿಗೆ ಅಂಗಿಯಲ್ಲಿ ವೆನಿಲ್ಲಾ ಮತ್ತು ಕಟ್ಟಿಗೆ ಉಳಿಯುತ್ತದೆ. ನನಗೆ ಆ ಕೊನೆಯ ಭಾಗವೇ ಇಷ್ಟ.

ಈಗ ಚಿಗವ್ವ. ದೀಪಾವಳಿ ಆದಮೇಲೆ ಯುಗಾದಿಗೆ ಬಂದಾಗ ಒಂದು ಸಣ್ಣ ಶೀಶೆಯಲ್ಲಿ ದವನದೆಣ್ಣೆ ತಂದಿದ್ದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಬೆರೆಸಿ ಅವಳ ಅಂಗೈಗೆ ಹಾಕಿದೆ. ಮೂಸಿದಳು. ಬಹಳ ಹೊತ್ತು ಮೂಸಿದಳು.

"ದವನ" ಅಂದಳು.

"ನಾ ಹಾಕ್ಕೊಂಡು ಬಂದಿದ್ನಲ್ಲ, ಅದ್ರಾಗಿನ ವಾಸನಿನೂ ಇಂಥದ್ದ ಚಿಗವ್ವಾ."

ಅವಳು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಕಾಕಾ ಹೋದ ಮೇಲೆ ಅವಳ ತಲೆಯಲ್ಲಿ ಹೂ ಕಂಡಿಲ್ಲ. ಒಂಬತ್ತು ವರ್ಷ ದಂಡೆ ಇಲ್ಲ, ದವನ ಇಲ್ಲ. ಮುಡೀಬೇಡ ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ, ಮುಡಿ ಅಂತಲೂ ಯಾರೂ ಹೇಳಲಿಲ್ಲ. ನಾನೂ ಹೇಳಿರಲಿಲ್ಲ. ಕುಡಿದವನು ಹೋದ, ಪರಿಮಳ ಕಳೆದುಕೊಂಡವಳು ಇವಳು. ಇಷ್ಟು ದಿನ ಗೆರೆ ಎಲ್ಲಿದೆ ಅಂತ ಶಾಸನ, ಕೋರ್ಟು ಹುಡುಕಿದವನಿಗೆ ಮನೆಯೊಳಗಿನ ಈ ಗೆರೆ ಕಂಡಿರಲಿಲ್ಲ.

ಸೆರಗಿನ ತುದಿಗೆ ಅಂಗೈ ಒರೆಸಿಕೊಂಡಳು. "ಇದು ಇರ್ಲಿ" ಅಂತ ಶೀಶೆ ತೊಗೊಂಡು ಟ್ರಂಕಿನಲ್ಲಿ ಇಟ್ಟಳು. ಹೊರಗೆ ಬಂದು ಹೇಳಿದಳು: "ಆ ನಿನ್ನ ಬಾಟ್ಲಿದು ಛಲೋ ಇರಬಹುದು. ನನ್ನ ಮುಂದ ಹಾಕ್ಕೊಂಡು ಬರಬ್ಯಾಡ."

ಹಾಗೇ ಮಾಡ್ತಿದ್ದೀನಿ. ಬೆಂಗಳೂರಿನಲ್ಲಿ ಹಾಕ್ಕೋತೀನಿ, ಬಂಕಾಪುರದಲ್ಲಿ ಇಲ್ಲ. ಪರಿಮಳಕ್ಕೆ "ಇಂಥ ಹೊತ್ತಿಗೆ ಬೇಡ" ಅಂತ ನಿಯಮ ಹಿಡಿಯಬಹುದು ಅಂದಿದ್ದರಲ್ಲ ಆಚಾರ್ಯರು, ನನ್ನದು ಅಂಥದ್ದೇ ಒಂದು. ಊರಿಗೆ ಬರುವಾಗ ಬ್ಯಾಗಿನಲ್ಲಿ ಈಗ ದವನದ ಒಂದು ಕಡ್ಡಿ ಇರುತ್ತದೆ. ಕಟ್ಟೆ ಮೇಲೆ ಇಡ್ತೀನಿ. ಸಂಜೆಗೆ ಅದು ಅಲ್ಲಿ ಇರೋದಿಲ್ಲ. ಯಾರು ಒಳಗೆ ತೊಗೊಂಡು ಹೋದರು ಅಂತ ನಾನು ಕೇಳೋದಿಲ್ಲ.

ನಿಮ್ಮ ಮನೆಯಲ್ಲಿ ಯಾವ ವಾಸನೆ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಗಾಯ? ಕೆಳಗೆ ಬರೀರಿ, ಎಲ್ಲಾ ಓದ್ತೀನಿ. ಇಷ್ಟ ಆದರೆ ಸೇವ್ ಮಾಡ್ಕೊಳ್ರಿ, ದವನ ಮುಡಿಯುವವರಿಗೂ ಮುಡಿಯದವರಿಗೂ ಕಳಸ್ರಿ.

#ಬಂಕಾಪುರ #ದವನ #ಪರಿಮಳದಇತಿಹಾಸ #ಹಾವೇರಿ #ಲೋಕೋಪಕಾರ #ಉತ್ತರಕರ್ನಾಟಕ